ಐದು ಗಂಟೆಯ ಫೋನು

ಗೆಂಟ್ ಹತ್ತಿರ, ಬೆಲ್ಜಿಯಮ್
೭ ಫೆಬ್ರವರಿ ೧೯೮೮

ರೆಟ್ಟಕ್ಕಾ,

ಮೊದಲು ನಿನ್ನ ಬೈಗುಳಕ್ಕೆ ಉತ್ತರ. ಹೌದು, ಉಣ್ಣೆ ಬನಿಯನ್ ಹಾಕಿಕೊಳ್ಳುತ್ತಿದ್ದೇನೆ. ಹೌದು, ಭಾನುವಾರ ಚರ್ಚಿಗೂ ಹೋಗುತ್ತಿದ್ದೇನೆ. ಪಾದ್ರಿ ಹೇಳುವುದು ಒಂದಕ್ಷರವೂ ತಿಳಿಯುವುದಿಲ್ಲ, ಹಾಗಾಗಿ ನಿದ್ದೆ ಮಾತ್ರ ನಮ್ಮೂರಿನಷ್ಟೇ ಚೆನ್ನಾಗಿ ಬರುತ್ತದೆ.

ಫುಟ್‌ಬಾಲ್ ಕ್ಲಬ್ಬಿನವರು ನನ್ನನ್ನು ಒಂದು ಬೇಕರಿಯ ಮಾಳಿಗೆಯಲ್ಲಿ ಇಳಿಸಿದ್ದಾರೆ. ಮನೆಯೊಡತಿಯ ಹೆಸರು ಗೋಡೆಲೀವ್. ಮೊನ್ನೆ ಊಟಕ್ಕೆ ಮೀನು ಮಾಡಲಾ ಅಂತ ಕೇಳಿದಳು. ಬಾಯಲ್ಲಿ ನೀರೂರಿತು. ತಟ್ಟೆಯಲ್ಲಿ ಚಪ್ಪಟೆಯದೇನೋ ತಂದಿಟ್ಟಳು. ನಾನು ದಡ್ಡ, 'ಇದು ಮೀನಲ್ಲವಲ್ಲ' ಅಂದುಬಿಟ್ಟೆ. ಪಾಪ, ಮುಖ ಸಣ್ಣ ಮಾಡಿಕೊಂಡಳು. ನಮ್ಮ ಕೆಲ್ಪ್ ಕೋವ್‌ನಲ್ಲಿ ಮೀನು ಅಂದರೆ ಕಾಡ್ ಜಾತಿಯದು ಒಂದೇ, ಮಿಕ್ಕಿದ್ದಕ್ಕೆಲ್ಲ ಅದರದರ ಹೆಸರು ಹಿಡಿದು ಕರೆಯುತ್ತೇವೆ ಅಂತ ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ?

ಆಟ ಚೆನ್ನಾಗಿ ನಡೆಯುತ್ತಿದೆ. ಮೀಸಲು ತಂಡದಲ್ಲಿ ಎಡಗಡೆ ಆಡುತ್ತೇನೆ. ಹುಡುಗರು ನನ್ನನ್ನು 'ಕೆನಡಾ' ಅಂತಲೇ ಕರೆಯುತ್ತಾರೆ. 'ಐಸ್ ಹಾಕಿ ಬಿಟ್ಟು ಇಲ್ಲಿಗ್ಯಾಕೆ ಬಂದೆಯೋ?' ಅಂತ ಕಾಲೆಳೆಯುತ್ತಾರೆ. ನಮ್ಮೂರಿನ ಮಗು ನಡೆಯೋಕೆ ಮುಂಚೆ ಚೆಂಡು ಒದೆಯುತ್ತದೆ ಅಂದರೆ ನಂಬುವವರಿಲ್ಲ.

ಅಪ್ಪ ಹೇಗಿದ್ದಾರೆ? ಹೊರಡುವ ದಿನ ನನ್ನ ಕಡೆ ತಿರುಗಿ ನೋಡಲಿಲ್ಲ, ಬಲೆ ಹೆಣೆಯುತ್ತಲೇ ಇದ್ದರು. ನನ್ನ ಬಗ್ಗೆ ಏನಾದರೂ ಕೇಳಿದರಾ? ಸುಳ್ಳು ಹೇಳಬೇಡ.

ನಿನ್ನ ತಮ್ಮ
ಕ್ಲೆಮ್


ಕೆಲ್ಪ್ ಕೋವ್, ನ್ಯೂಫೌಂಡ್‌ಲ್ಯಾಂಡ್
೨ ಮಾರ್ಚ್ ೧೯೮೮

ಲೋ ಕ್ಲೆಮ್,

ಕೇಳಿದರು ಕಣೋ. ದಿನಾ ಕೇಳುತ್ತಾರೆ. ಸಾಕಾ?

ನಾನು ಚೆನ್ನಾಗಿದ್ದೇನೆ, ಮೀನು ಪ್ಲಾಂಟಿನಲ್ಲಿ ದಿನಾ ಚಾಕು ಹಿಡಿದರೂ ಕೈಬೆರಳು ಇನ್ನೂ ಎಲ್ಲಾ ಇವೆ. ನಿನ್ನ ಕಾಗದವನ್ನು ಗರ್ಟಿ ಅತ್ತೆ ಅಂಗಡಿಯಲ್ಲಿ ನನ್ನ ಕೈಗೆ ಕೊಡುವ ಮುಂಚೆ ಬೆಳಕಿಗೆ ಹಿಡಿದು ನೋಡಿದ್ದಳು. 'ಹುಡುಗಿ ಗಿಡುಗಿ ಸಿಕ್ಕಿದಾಳೇನೇ ಅವನಿಗೆ?' ಅಂತ ನನ್ನನ್ನೇ ಕೇಳಿದಳು. ಅವಳ ಗಂಡ ಬೆನ್ ಮಾವನಿಗೆ ಈಗ ಕಿವಿ ಪೂರ್ತಿ ಹೋಗಿದೆ. ಅದೊಂದು ಅವನ ಪುಣ್ಯ.

ಮನೆಗೆ ಮತ್ತೆ ಫೋನ್ ಹಾಕಿಸೋಣ ಅಂತ ಅಪ್ಪನ ಹತ್ತಿರ ಮಾತೆತ್ತಿದೆ. ನಿನ್ನನ್ನು ಕಳಿಸಿಕೊಡಿ ಅಂತ ಕ್ಲಬ್ಬಿನವರು ಕೇಳಿದ ದಿನವೇ ಅಲ್ಲವೇ ಅವರು ಅದನ್ನು ಕಿತ್ತುಹಾಕಿಸಿದ್ದು? 'ಆ ಡಬ್ಬಿ ಒಂದು ಸಲ ಬಾಯಿ ಬಿಟ್ಟಿದ್ದಕ್ಕೆ ದೋಣಿಯಿಂದ ಒಂದಾಳು ಹೋಯ್ತು. ಇನ್ನೊಂದ್ಸಲ ಬಿಟ್ರೆ ನೀನೂ ಹೋಗ್ತೀಯ' ಅಂದರು. ನಾನೆಲ್ಲಿಗೆ ಹೋಗಲಿ? ಹೋಗುವುದಿದ್ದರೆ ಅಮ್ಮ ತೀರಿಕೊಂಡಾಗಲೇ, ನಿನ್ನ ಮೂಗು ಒರೆಸುವುದು ಬಿಟ್ಟು ಹೋಗುತ್ತಿದ್ದೆ.

ಈ ವರ್ಷ ಇನ್ನೊಂದು ತಮಾಷೆ ಕೇಳು. ಏಪ್ರಿಲ್‌ನಲ್ಲಿ ಗಡಿಯಾರವನ್ನು ಎಂದಿನ ಹಾಗೆ ಒಂದು ಗಂಟೆ ಅಲ್ಲ, ಎರಡು ಗಂಟೆ ಮುಂದಕ್ಕೆ ತಿರುಗಿಸಬೇಕಂತೆ. ಸೇಂಟ್ ಜಾನ್ಸ್‌ನ ದೊಡ್ಡವರ ಹುಕುಂ. ಸಂಜೆ ಬೆಳಕು ಜಾಸ್ತಿ ಸಿಗುತ್ತದಂತೆ. ಅಪ್ಪ ರೇಡಿಯೋಗೇ ಉತ್ತರ ಕೊಟ್ಟರು: 'ಸಮುದ್ರದಲ್ಲಿರೋ ಮೀನಿಗೂ ವಾಚು ಕಟ್ಟಿದಾರೇನ್ರಯ್ಯ?'

ರೆಟ್ಟಾ


ಗೆಂಟ್ ಹತ್ತಿರ
೧೦ ಏಪ್ರಿಲ್ ೧೯೮೮

ಅಕ್ಕಾ,

'ದಿನಾ ಕೇಳುತ್ತಾರೆ' ಅಂದೆಯಲ್ಲ, ಏನಂತ ಕೇಳುತ್ತಾರೆ? ಅದನ್ನೂ ಬರಿ ನೋಡೋಣ. ನಿನಗೆ ಸುಳ್ಳು ಹೇಳೋಕೆ ಯಾವತ್ತೂ ಬಂದಿಲ್ಲ.

ಸರಿ, ನಾನೂ ಹೇಳಿದ್ದೇನೆ. ಮೀಸಲು ತಂಡದಲ್ಲಿ ಆಡುತ್ತೇನೆ ಅಂತ ಬರೆದಿದ್ದು ಸುಳ್ಳು. ಎರಡು ತಿಂಗಳು ಮೀಸಲು ತಂಡದ ಬೆಂಚಿನ ಮೇಲೆ ಕೂತಿದ್ದೆ. ಅಭ್ಯಾಸದಲ್ಲೂ ಯಾರೂ ನನಗೆ ಚೆಂಡು ಕೊಡುತ್ತಿರಲಿಲ್ಲ. ಬೇಡ ಅಂತಲ್ಲ, ನಾನೊಬ್ಬ ಅಲ್ಲಿದ್ದೇನೆ ಅನ್ನುವುದೇ ಅವರಿಗೆ ನೆನಪಿರುತ್ತಿರಲಿಲ್ಲ. ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ಡು ಬೇಯುವ ವಾಸನೆ ಮೇಲೆ ಬಂದಾಗ ಒಂದು ಕ್ಷಣ ನೀನೇ ಒಲೆ ಮುಂದೆ ನಿಂತಿದ್ದೀಯ ಅನ್ನಿಸುತ್ತದೆ. ಆಮೇಲೆ ಕಣ್ಣು ಬಿಡುತ್ತೇನೆ. ಅಕ್ಕಾ, ಆ ಹೊತ್ತು ಬಹಳ ಕಷ್ಟ.

ಆದರೆ ಮೊನ್ನೆ ಶನಿವಾರದ್ದು ಕೇಳು. ಎಂಥಾ ಗಾಳಿ ಎದ್ದಿತು ಅಂದರೆ, ಅಪ್ಪಟ ನಮ್ಮೂರ ಗಾಳಿ! ಎತ್ತಿ ಒದ್ದ ಚೆಂಡೆಲ್ಲ ಎಲ್ಲೆಲ್ಲೋ ಹೋಗುತ್ತಿತ್ತು. ಇಲ್ಲಿಯವರು ಆಕಾಶ ನೋಡಿಕೊಂಡು ತಬ್ಬಿಬ್ಬು. ಎಡಗಡೆಯವನ ಕಾಲು ಉಳುಕಿತು, ಟ್ರೈನರ್ ಬೇರೆ ದಾರಿಯಿಲ್ಲದೆ ನನ್ನನ್ನು ಇಳಿಸಿದ. ನಾನು ಚೆಂಡನ್ನು ನೆಲ ಬಿಡಿಸಲೇ ಇಲ್ಲ. ಗಾಳಿ ಬೆನ್ನಿಗಿದ್ದಾಗ ಎಷ್ಟು ಓಡಬೇಕು, ಎದುರಿದ್ದಾಗ ಎಷ್ಟು ಬಗ್ಗಬೇಕು ಅಂತ ನನಗೆ ಯಾರು ಹೇಳಿಕೊಡಬೇಕು? ಒಂದು ಗೋಲು ಹೊಡೆದೆ, ಇನ್ನೊಂದು ಹೊಡೆಸಿದೆ. ಟ್ರೈನರ್ ಬಂದು 'ಎಲ್ಲಿ ಕಲಿತೆ?' ಅಂದ. ಸಮುದ್ರದ ಪಕ್ಕದಲ್ಲಿ ಅಂದೆ.

ಇದನ್ನು ಅಪ್ಪನಿಗೆ ಓದಿ ಹೇಳು.

ಕ್ಲೆಮ್


ಕೆಲ್ಪ್ ಕೋವ್
೮ ಮೇ ೧೯೮೮

ನನ್ನ ಚಿನ್ನಾ,

ಓದಿ ಹೇಳಿದೆ. ಅಪ್ಪನಿಗಲ್ಲ, ಒಲೆಗೆ. ಅವರಿಗೆ ಅಂತ ಶುರು ಮಾಡಿದರೆ ಎದ್ದು ಹೋಗುತ್ತಾರಲ್ಲ, ಅದಕ್ಕೆ ಒಲೆ ಕಡೆ ತಿರುಗಿಕೊಂಡು ಜೋರಾಗಿ ಓದಿದೆ. ಗಾಳಿಯ ವಿಷಯ ಬಂದಾಗ ಬಲೆ ಹೆಣೆಯುತ್ತಿದ್ದ ಕೈ ನಿಂತಿತು. ಗೋಲು ಬಂದಾಗ ಕೆಮ್ಮಿದರು. ನಿಜ ಹೇಳುತ್ತೇನೆ, ಅವರು ಬಾಯಿಬಿಟ್ಟು ನಿನ್ನ ಸುದ್ದಿ ಕೇಳುವುದಿಲ್ಲ. ಆದರೆ ಕಾಗದ ಬಂದ ದಿನ ಹೊರಗೆ ಹೋಗುವುದೂ ಇಲ್ಲ. ನಾನು ಓದೋವರೆಗೆ ಅಡುಗೆಮನೆಯಲ್ಲೇ ಏನಾದರೊಂದು ಕೆಲಸ ಹುಡುಕಿಕೊಂಡಿರುತ್ತಾರೆ.

ನಮ್ಮೂರೀಗ ಎರಡು ಕಾಲದ ಊರು. ಶಾಲೆ, ಚರ್ಚು, ಪ್ಲಾಂಟು ಎಲ್ಲಾ ಸರ್ಕಾರದ ಗಂಟೆ. ನಮ್ಮ ಮನೆಯ ಗಡಿಯಾರಕ್ಕೆ ಮಾತ್ರ ಅಪ್ಪ ಕೈ ಹಚ್ಚಗೊಡಲಿಲ್ಲ, ಅದು ಎರಡು ಗಂಟೆ ಹಿಂದೆಯೇ ನಡೆಯುತ್ತಿದೆ. ನಾನು ಕೈಗೆ ಒಂದು ಕಾಲ ಕಟ್ಟಿಕೊಂಡು ಹೋಗಿ, ಮನೆಗೆ ಬಂದು ಇನ್ನೊಂದು ಕಾಲದಲ್ಲಿ ಅಡುಗೆ ಮಾಡುತ್ತೇನೆ. ಹೋದ ಭಾನುವಾರ ಅಪ್ಪ ಚರ್ಚಿಗೆ ಹೊರಟಾಗ ಜನ ಪೂಜೆ ಮುಗಿಸಿಕೊಂಡು ಎದುರಿಗೆ ಬರುತ್ತಿದ್ದರು. 'ಆಂಬ್ರೋಸ್, ದೇವರು ಮನೆಗೆ ಹೋದ' ಅಂತ ಯಾರೋ ನಕ್ಕರು. 'ದೇವರ ಗಡಿಯಾರ ನನ್ಹತ್ರ ಇದೆ, ನಿಮ್ಹತ್ರ ಇರೋದು ಸರ್ಕಾರದ್ದು' ಅಂದು ಒಬ್ಬರೇ ಹೋಗಿ ಖಾಲಿ ಚರ್ಚಿನಲ್ಲಿ ಕೂತು ಬಂದರು!

ಪಾರ್ಟ್ರಿಜ್‌ಬೆರ್ರಿ ಜಾಮ್ ಕಳಿಸಿದ್ದೇನೆ. ಆ ಗೋಡೆಲೀವ್‌ಗೂ ಕೊಡು, ಮೀನಿನ ವಿಷಯಕ್ಕೆ ಕ್ಷಮೆ ಕೇಳಿದ ಹಾಗಾಗುತ್ತದೆ.

ರೆಟ್ಟಾ


ಗೆಂಟ್ ಹತ್ತಿರ
೨೨ ಮೇ ೧೯೮೮

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕ್ಲಬ್ಬಿನವರು ಎರಡು ವರ್ಷದ ಕರಾರು ಮಾಡಿಕೊಳ್ಳುತ್ತೇವೆ ಅಂದಿದ್ದಾರೆ. ಮೀಸಲು ತಂಡಕ್ಕಲ್ಲ, ದೊಡ್ಡ ತಂಡಕ್ಕೆ. ಕಸುಬಿನ ಆಟಗಾರ ಆಗುತ್ತೇನೆ. ಜೂನ್ ಮುಗಿಯುವುದರೊಳಗೆ ಹೂಂ ಅನ್ನಬೇಕು, ಇಲ್ಲಾ ಊರಿಗೆ ವಾಪಸ್.

ಕೇಳಿದ ತಕ್ಷಣ ಕುಣಿಯಬೇಕಿತ್ತು. ಕುಣಿಯಲಿಲ್ಲ. ಅಪ್ಪನನ್ನು ಕೇಳದೆ ಹೂಂ ಅನ್ನಲಾರೆ. ಬಂದಾಗ ಅವರ ಮಾತು ಮೀರಿ ಬಂದೆ, ಪರೀಕ್ಷೆ ಮಾಡಿ ನೋಡುತ್ತೇನೆ ಅಂತ ನೆಪ ಇತ್ತು. ಈಗ ಎರಡು ವರ್ಷ. ದೋಣಿಯಲ್ಲಿ ನನ್ನ ಜಾಗ ಖಾಲಿ ಇಟ್ಟುಕೊಂಡೇ ಅವರು ಸಮುದ್ರಕ್ಕೆ ಹೋಗುತ್ತಿದ್ದಾರೆ ಅಂತ ನನಗೆ ಗೊತ್ತು, ನೀನು ಬರೆಯದಿದ್ದರೂ. ಅವರು ಇರು ಅಂದರೆ ಇರುತ್ತೇನೆ. ಬಾ ಅಂದರೆ ಬರುತ್ತೇನೆ. ಆದರೆ ಆ ಮಾತು ಅವರ ಬಾಯಿಂದಲೇ ಬರಬೇಕು, ನಿನ್ನ ಕಾಗದದಲ್ಲಿ ಬೇಡ.

ಜೂನ್ ೧೧ರ ಶನಿವಾರ ಗರ್ಟಿ ಅತ್ತೆಯ ಅಂಗಡಿಗೆ ಫೋನ್ ಮಾಡುತ್ತೇನೆ. ನಿಮ್ಮ ಸಂಜೆ ಐದು ಗಂಟೆಗೆ. ಇಲ್ಲಿ ಎಷ್ಟು ಹೊತ್ತಾಗಿರುತ್ತದೆ ಅನ್ನುವ ಲೆಕ್ಕ ನನಗೆ ಬಿಡು. ನೀನು ಅವರನ್ನು ಹೇಗಾದರೂ ಕಳಿಸು.

ಕ್ಲೆಮ್


ಕೆಲ್ಪ್ ಕೋವ್
೩ ಜೂನ್ ೧೯೮೮

ಕ್ಲೆಮ್,

ಹೇಳಿದೆ. ಎಲ್ಲಾ ಹೇಳಿದೆ, ಕರಾರು, ಎರಡು ವರ್ಷ, ಇರು ಅಂದರೆ ಇರ್ತಾನೆ ಬಾ ಅಂದರೆ ಬರ್ತಾನೆ, ಎಲ್ಲಾ. 'ಶನಿವಾರ ಐದು ಗಂಟೆಗೆ ಗರ್ಟಿ ಅತ್ತೆ ಅಂಗಡಿಗೆ ಹೋಗಬೇಕು, ಹೋಗ್ತೀರೋ ಇಲ್ವೋ?' ಅಂತ ಎದುರು ನಿಂತು ಕೇಳಿದೆ. 'ಹೂಂ' ಅಂದರು. ಅಪ್ಪನ ಹೂಂ ನಿನಗೆ ಗೊತ್ತಲ್ಲ, ಕಲ್ಲಿನಲ್ಲಿ ಕೆತ್ತಿದ ಹಾಗೆ.

ಆ ದಿನ ನನಗೆ ಸಂಜೆ ಪಾಳಿ, ಬರಲಾಗುವುದಿಲ್ಲ. ಒಳ್ಳೆಯದೇ ಆಯಿತು. ನೀವಿಬ್ಬರೂ ಮಾತಾಡಿಕೊಳ್ಳಿ. ಸ್ವಲ್ಪ ಜೋರಾಗಿ ಮಾತಾಡು, ತಗ್ಗಿಸಿ ಮಾತಾಡಿದರೆ ಅಪ್ಪ ಸುಮ್ಮನೆ ಹೂಂ ಹೂಂ ಅನ್ನುತ್ತಾರೆ.

ರೆಟ್ಟಾ


ಗೆಂಟ್ ಹತ್ತಿರ
೧೨ ಜೂನ್ ೧೯೮೮

ರೆಟ್ಟಾ,

ಸರಿಯಾಗಿ ಐದಕ್ಕೆ ಮಾಡಿದೆ. ಗರ್ಟಿ ಅತ್ತೆ ಎತ್ತಿದಳು. 'ಯಾರೂ ಬಂದಿಲ್ವಲ್ಲ ಕಂದಾ' ಅಂದಳು. ಕಿಟಕಿ ಹತ್ತಿರ ಹೋಗಿ ರಸ್ತೆ ನೋಡಿ ಬಂದಳು, 'ರಸ್ತೇಲೂ ಕಾಣ್ತಿಲ್ಲ' ಅಂದಳು. ಆಮೇಲೆ ಅತ್ತುಬಿಟ್ಟಳು, ನಾನೇ ಸಮಾಧಾನ ಮಾಡಬೇಕಾಯಿತು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಅರ್ಥವಾಯಿತು. ಬಾ ಅನ್ನುವಷ್ಟು ಬೇಕಾದವನೂ ಅಲ್ಲ, ಇರು ಅನ್ನುವಷ್ಟು ಬೇಕಾದವನೂ ಅಲ್ಲ. ಬೈಯುವುದಕ್ಕಾದರೂ ಬರಬಹುದಿತ್ತು. ಬೈಸಿಕೊಳ್ಳೋಕೆ ತಯಾರಾಗಿ ನಿಂತಿದ್ದೆ.

ನಾಳೆ ಕ್ಲಬ್ಬಿಗೆ ಹೋಗಿ ಹೂಂ ಅನ್ನುತ್ತೇನೆ. ಇನ್ನು ನನ್ನ ಕಾಗದಗಳನ್ನು ಒಲೆಗೆ ಓದಬೇಡ, ಒಳಗೇ ಹಾಕು.

ಕ್ಲೆಮ್


ಕೆಲ್ಪ್ ಕೋವ್
೧೩ ಜೂನ್ ೧೯೮೮

ಲೋ ಪಾಪಿ,

ಏನಂದೆಯೋ ಅಪ್ಪನಿಗೆ?

ಶನಿವಾರ ಅವರು, ಅಮ್ಮನ ಸಮಾಧಿಗೆ ಹೋಗುವಾಗ ಹಾಕುವ ಕರಿ ಕೋಟು ಹಾಕಿಕೊಂಡು ಹೋಗಿದ್ದರು. ನಾನು ಪಾಳಿ ಮುಗಿಸಿ ಬಂದಾಗ ಅದೇ ಕೋಟಿನಲ್ಲಿ ಕುರ್ಚಿಯ ಮೇಲೆ ಕೂತಿದ್ದರು. 'ಏನಂದ?' ಅಂದೆ. 'ಏನಿಲ್ಲ' ಅಂದರು. ಇವತ್ತಿಗೂ ಅಷ್ಟೇ, ಏನಿಲ್ಲ. ಊಟವಿಲ್ಲ, ಮಾತಿಲ್ಲ. ಬೆಳಿಗ್ಗೆ ದೋಣಿ ಹತ್ತಿರ ಹೋಗಿ, ಹತ್ತದೆ ವಾಪಸ್ ಬಂದರು. ಬೆರಳುದ್ದದ ಕೇಪ್ಲಿನ್ ದಡಕ್ಕೆ ಬಂದು ಬೀಳುವ ಹೊತ್ತು, ಅದರ ಹಿಂದೆಯೇ ಮೀನು ಬರುತ್ತದೆ, ಊರಿಗೆ ಊರೇ ಸಮುದ್ರದ ಮೇಲಿದೆ, ನಮ್ಮಪ್ಪ ಮನೆಯಲ್ಲಿ!

ನೀನು ಏನೇ ತೀರ್ಮಾನ ಮಾಡಿರು, ನಾನು ಕೇಳುವುದಿಲ್ಲ. ಆದರೆ ಮುದುಕನ ಹತ್ತಿರ ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲೋ. ಅವರು ಯಾವ ಮಾತು ಹೊತ್ತುಕೊಂಡು ಹೋಗಿದ್ದರು ಅಂತ ನನಗೆ ಗೊತ್ತು.

ರೆಟ್ಟಾ


ಕೆಲ್ಪ್ ಕೋವ್
೨೮ ಜೂನ್ ೧೯೮೮

ಕ್ಲೆಮ್,

ನಿನ್ನ ಹನ್ನೆರಡರ ಕಾಗದ ಓದಿ ಅಂಗಡಿಗೆ ಓಡಿದೆ. ಓಡಿದೆ ಅಂದರೆ ಓಡಿದೆ, ಪ್ಲಾಂಟಿನ ಬೂಟಿನಲ್ಲೇ. ಗರ್ಟಿ ಅತ್ತೆ ನನ್ನ ಮೇಲೇ ಹಾರಿದಳು. 'ನಿಮ್ಮಪ್ಪನಿಗೆ ಹೃದಯ ಇದ್ಯೇನೇ? ಮಗು ಅಲ್ಲಿಂದ ಕೂಗಿದ್ರೆ ಬರಲಿಲ್ಲವಲ್ಲ! ಆವತ್ತಿಂದ ಅವನ ಜೊತೆ ನಾನು ಮಾತಾಡಿಲ್ಲ, ಆಡೋದೂ ಇಲ್ಲ' ಅಂದಳು. ನಾವಿಬ್ಬರೂ ಕಿರುಚಾಡುವುದನ್ನು ನೋಡಿ ಬೆನ್ ಮಾವ ಒಳಗಿಂದ ಬಂದ, ಅತ್ತೆಯ ತುಟಿ ನೋಡಿ ಮಾತು ಹಿಡಿದ. 'ಆಂಬ್ರೋಸ್? ಬಂದಿದ್ನಲ್ಲ. ನೀನು ಬಿಂಗೋ ಆಡೋಕೆ ಚರ್ಚಿನ ಹಾಲಿಗೆ ಹೋಗಿದ್ದೆ. ಬಂದು ಫೋನಿನ ಪಕ್ಕ ಕೂತಿದ್ದ. ಕತ್ತಲಾಗೋವರೆಗೂ ಕೂತಿದ್ದ' ಅಂದ. 'ನನಗ್ಯಾಕೆ ಹೇಳಲಿಲ್ಲವೋ ಮುಠ್ಠಾಳ?' ಅಂದಳು ಅತ್ತೆ. 'ನೀನು ಕೇಳಲಿಲ್ಲ' ಅಂದ.

ಅಯ್ಯೋ ದೇವರೇ, ಆಗ ಹೊಳೆಯಿತು ನನಗೆ. ಮನೆಯ ಗಡಿಯಾರ! ಅಪ್ಪ ತಮ್ಮ ಐದು ಗಂಟೆಗೆ ಹೋಗಿದ್ದಾರೆ. ಊರಿಗೆಲ್ಲ ಆಗ ಏಳು. ನೀನು ಮಾಡಿದ್ದು ಸರ್ಕಾರದ ಐದಕ್ಕೆ. ನೀನು ಎರಡನೇ ಸಲ ಮಾಡಿದಾಗ ಅತ್ತೆ ಬಿಂಗೋಗೆ ಹೊರಟಾಗಿತ್ತು, ಮಾವನಿಗೆ ಫೋನಿನ ಗಂಟೆ ಕೇಳಿಸದು. ಅಪ್ಪ ಇನ್ನೂ ಮನೆಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಒಂದು ಮಾತು ಯಾವ ಐದು ಅಂತ ಹೇಳಿ ಹೋಗಿದ್ದರೆ!

ಮನೆಗೆ ಬಂದು ಅಪ್ಪನಿಗೆ ಹೇಳಿದೆ. 'ಅವನು ಮಾಡಿದ್ದನಾ?' ಅಂದರು. 'ಎರಡು ಸಲ ಮಾಡಿದ್ದ ಅಪ್ಪಾ' ಅಂದೆ. 'ಕರಾರು?' ಅಂದರು. 'ಆಗೋಯ್ತು' ಅಂದೆ. ಹೊರಗೆ ಹೋಗಿ ದೋಣಿಯ ಹಗ್ಗ ಬಿಗಿ ಮಾಡಿದರು. ಒಳಗೆ ಬಂದವರೇ ಪೆನ್ನು ಕೇಳಿದರು. ಅಪ್ಪ, ಪೆನ್ನು! ಒಂದು ಹಾಳೆಗೆ ಒಂದು ಸಂಜೆ ಹಿಡಿಯಿತು. ಇದರ ಜೊತೆ ಇಟ್ಟಿದ್ದೇನೆ, ಮೊದಲು ಅದನ್ನು ಓದು. ಓದಿದ ಮೇಲೆ ಹಾಳೆ ತಿರುಗಿಸು.

ರೆಟ್ಟಾ


ಕ್ಲೆಮ್‌ಗೆ

ನಾನು ಬಂದಿದ್ದೆ. ನೀನು ಮಾಡಲಿಲ್ಲ ಅಂದುಕೊಂಡೆ. ನೀನು ನಾನು ಬರಲಿಲ್ಲ ಅಂದುಕೊಂಡೆ. ಆಯಿತು ಬಿಡು.

ನಾನು ಹೇಳೋಕೆ ಬಂದದ್ದು ಇಷ್ಟೇ. ಅಲ್ಲೇ ಇರು. ಆಡು. ಇಲ್ಲಿ ನನಗೇನೂ ಕಷ್ಟ ಇಲ್ಲ. ದೋಣಿ ಹಗುರ ಇದೆ. ಇರು ಅಂತ ಹೇಳೋಕೇ ಬಂದಿದ್ದೆ.

ನಿನ್ನ ಅಪ್ಪ
ಆಂಬ್ರೋಸ್ ಸ್ಲೇನಿ


(ಹಾಳೆಯ ಹಿಂಬದಿ)

ಸುಳ್ಳು ಕಣೋ. ಒಂದೊಂದು ಅಕ್ಷರವೂ ಸುಳ್ಳು. ನಿನಗೆ ತಿಳಿಸಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ, ಆದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ಶನಿವಾರ ನಾನು ಪಾಳಿಗೆ ಹೊರಟಾಗ ಅವರು ಕನ್ನಡಿ ಮುಂದೆ ಗಡ್ಡ ಹೆರೆಯುತ್ತಾ, ಫೋನಿನಲ್ಲಿ ಹೇಳುವ ಮಾತನ್ನು ಅಭ್ಯಾಸ ಮಾಡುತ್ತಿದ್ದರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. 'ಕ್ಲೆಮ್, ಬಂದ್ಬಿಡು ಮಗಾ. ಬಲೆ ಎತ್ತೋಕೆ ಆಗ್ತಿಲ್ಲ. ನೀನಿಲ್ದೆ ಮನೇಲಿ ಕೂರೋಕೂ ಆಗ್ತಿಲ್ಲ. ಬಂದ್ಬಿಡು.' ತಪ್ಪಿದಾಗ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಈಗ ಕರಾರಾಗಿದೆ, ನಿನ್ನ ದಾರಿಗೆ ಅಡ್ಡ ಬರಬಾರದು ಅಂತ ಮಾತು ತಿರುಗಿಸಿದ್ದಾರೆ. ನಿನಗೆ ಗೊತ್ತಿದೆ ಅಂತ ಅವರಿಗೆ ಗೊತ್ತಾಗಬಾರದು.


ಕೆಲ್ಪ್ ಕೋವ್
೧೪ ಆಗಸ್ಟ್ ೧೯೮೮

ಕ್ಲೆಮ್,

ಒಂದೂವರೆ ತಿಂಗಳಾಯಿತು. ಒಂದು ಸಾಲಾದರೂ ಬರಿಯೋ. ನಾನು ಹೇಳಬಾರದಿತ್ತೇನೋ. ಅಪ್ಪ ಈಗ ಪ್ರತಿದಿನ ಅಂಗಡಿಗೆ ಹೋಗಿ ಕಾಗದ ಬಂತಾ ಅಂತ ತಾವೇ ಕೇಳುತ್ತಾರೆ. ಇದು ಸುಳ್ಳಲ್ಲ, ಗರ್ಟಿ ಅತ್ತೆಯನ್ನು ಬೇಕಾದರೆ ಕೇಳು.

ರೆಟ್ಟಾ


ಗೆಂಟ್ ಹತ್ತಿರ
೪ ಸೆಪ್ಟೆಂಬರ್ ೧೯೮೮

ಅಕ್ಕಾ,

ಬರೆಯಲಾಗಲಿಲ್ಲ, ಕ್ಷಮಿಸು. ಎಷ್ಟೋ ಹಾಳೆ ಹರಿದು ಹಾಕಿದೆ. ಇದರ ಜೊತೆ ಅಪ್ಪನಿಗೆ ಬೇರೆ ಹಾಳೆ ಇದೆ, ಅದನ್ನು ಅವರ ಮುಂದೆಯೇ ಓದು. ಇದು ನಿನಗೆ ಮಾತ್ರ.

ಆ ದಿನ ನಾನು ಫೋನ್ ಮಾಡಿದ್ದು ಯಾಕೆ ಗೊತ್ತಾ? ಇರು ಅನ್ನಿಸಿಕೊಳ್ಳೋಕಲ್ಲ. ಬಾ ಅನ್ನಿಸಿಕೊಳ್ಳೋಕೆ. ಪೆಟ್ಟಿಗೆ ಕಟ್ಟಿ ಮಂಚದ ಕೆಳಗೆ ಇಟ್ಟೇ ಹೋಗಿದ್ದೆ. ಇಲ್ಲಿ ಬದುಕಿ ಸಾಕಾಗಿತ್ತು ಕಣೇ. ಅಪ್ಪ ಕನ್ನಡಿ ಮುಂದೆ ಯಾವ ಮಾತು ಒಪ್ಪಿಸುತ್ತಿದ್ದರೋ, ನಾನು ಇಲ್ಲಿ ಬೂತಿನಲ್ಲಿ ಅದೇ ಮಾತಿಗೆ ಕಾಯುತ್ತಿದ್ದೆ. ಬರಲಿಲ್ಲ ಅನ್ನುವ ಸಿಟ್ಟಿಗೆ ಸಹಿ ಹಾಕಿದೆ. ಆ ಸಿಟ್ಟಿನಲ್ಲೇ ಒಂದು ತಿಂಗಳು ಓಡಿದೆ. ನಿನ್ನ ಕಾಗದ ಬಂದು ಆ ಸಿಟ್ಟೂ ಕರಗಿ ಹೋದಾಗ ನನ್ನ ಹತ್ತಿರ ಆಟ ಒಂದು ಬಿಟ್ಟು ಏನೂ ಉಳಿದಿರಲಿಲ್ಲ. ಈಗ ನಾನು ಬರಲಾರೆ. ಎರಡು ವರ್ಷ ಅಂದದ್ದು ಎಷ್ಟಾಗುತ್ತದೋ ಗೊತ್ತಿಲ್ಲ, ಯಾಕೆಂದರೆ ನಾನು ಚೆನ್ನಾಗಿ ಆಡುತ್ತಿದ್ದೇನೆ.

ಅಪ್ಪನಿಗೆ ಇದಾವುದೂ ಬೇಡ.

ಕ್ಲೆಮ್


೪ ಸೆಪ್ಟೆಂಬರ್ ೧೯೮೮

ಅಪ್ಪಾ,

ನಿಮ್ಮ ಕಾಗದ ಸಿಕ್ಕಿತು. ನನ್ನ ಜೀವನದಲ್ಲಿ ನೀವು ಬರೆದ ಮೊದಲ ಕಾಗದ. ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ.

ನಿನ್ನೆ ನನ್ನನ್ನು ದೊಡ್ಡ ತಂಡದಲ್ಲಿ ಮೊದಲಿನಿಂದ ಕೊನೆಯವರೆಗೂ ಆಡಿಸಿದರು. ಜನ ಅಂದರೆ ಜನ. ಅಷ್ಟು ಗಲಾಟೆಯಲ್ಲಿ ನನ್ನ ಕಾಲಿನ ಸದ್ದೇ ನನಗೆ ಕೇಳಿಸಲಿಲ್ಲ. ನಮ್ಮೂರಲ್ಲಿ ನಾನು ಆಡುವಾಗ ನೀವು ಗೋಲಿನ ಹಿಂದೆ, ಆಟ ನೋಡೋಕೆ ಬಂದವರಲ್ಲ ಅನ್ನುವ ಹಾಗೆ ಸಮುದ್ರದ ಕಡೆ ಮುಖ ಮಾಡಿ ನಿಂತಿರುತ್ತಿದ್ದಿರಲ್ಲ, ನಿನ್ನೆ ಚೆಂಡು ನನ್ನ ಕಾಲಿಗೆ ಬಂದಾಗ ಅಲ್ಲಿ ನೋಡಿದೆ. ಯಾರೋ ಪೊಲೀಸಿನವನು ನಿಂತಿದ್ದ. ಆದರೂ ಆ ಕಡೆಗೇ ಓಡಿದೆ. ಗೋಲಾಯಿತು.

ನೀವು ಇರು ಅಂತ ಹೇಳೋಕೆ ಬಂದಿದ್ದಿರಿ ಅಂತ ಓದಿ ನನಗೆ ಬಹಳ ಸಮಾಧಾನವಾಯಿತು. ನಾನೂ ಅದನ್ನೇ ಕೇಳೋಕೆ ಫೋನ್ ಮಾಡಿದ್ದೆ, ಅಪ್ಪಾ. ನೀವು ಹೇಳಿದ ಹಾಗೇ ಇದ್ದೇನೆ.

ನಿಮ್ಮ ಮಗ
ಕ್ಲೆಮ್